ಆಕಾಶಕ್ಕೆ ಒಗ್ಗರಣೆ

ಆಕಾಶವನ್ನೇ ತಂತಿಯಂತೆ ಮೀಟಿದರೆ ಸಮುದ್ರದ ಆಳದಲ್ಲಿರುವವರಿಗೆ ಕೇಳಿಸುತ್ತದೆಯೇ? ನನ್ನ ಸೊಸೆ ವಸುಮತಿ ತನ್ನ ವಯಸ್ಸಿನ ಒಳ್ಳೆಯ ವರ್ಷಗಳನ್ನೆಲ್ಲ ಈ ಒಂದು ಪ್ರಶ್ನೆಗೆ ಕೊಟ್ಟಳು. ಕೇಳಿಸುತ್ತದೆ ಎಂದು ಈಗ ಎಲ್ಲರಿಗೂ ಗೊತ್ತು. ಗುಟ್ಟಿನ ಅವಧಿ ಮುಗಿದು ಸೇನೆಯವರೇ ಪತ್ರಿಕೆಗಳಿಗೆ ವಿಷಯ ಕೊಟ್ಟಿದ್ದಾರೆ. ಆದರೆ ಅವರು ಕೊಟ್ಟದ್ದರಲ್ಲಿ ಬೆಳಚಿಕಟ್ಟೆಯ ಹೆಸರಿಲ್ಲ, ದುಂಡಮ್ಮನ ಹೆಸರಂತೂ ಇಲ್ಲವೇ ಇಲ್ಲ. ಆ ದಿನ ನಾನು ಅಲ್ಲೇ ಇದ್ದೆ.

ಬೆಳಚಿಕಟ್ಟೆ ಗುಂಡ್ಲುಪೇಟೆ ಸೀಮೆಯ ಊರು. ಸುತ್ತ ಚೆಂಡುಹೂವಿನ ಹೊಲ, ಅರಿಸಿನದ ಹೊಲ. ಅವುಗಳ ನಡುವೆ ಬೇಲಿ ಹಾಕಿದ ದೊಡ್ಡ ಬಯಲು, ಬಯಲಿನ ತುಂಬ ಸಾಲು ಸಾಲು ಕಂಬ, ಕಂಬದಿಂದ ಕಂಬಕ್ಕೆ ತಂತಿ. ಅದು ಸೇನೆಯ ಸಂಶೋಧನಾ ಕೇಂದ್ರ. ದಿನವೂ ನಡುಮಧ್ಯಾಹ್ನ ಆ ಕಂಬಗಳು ರೇಡಿಯೋ ಅಲೆಗಳನ್ನು ನೆಟ್ಟಗೆ ಮೇಲಕ್ಕೆ ಕಳಿಸುತ್ತಿದ್ದವು.

ನಮ್ಮ ತಲೆಯಿಂದ ನೂರು ಕಿಲೋಮೀಟರ್ ಎತ್ತರದಲ್ಲಿ, ಗಾಳಿ ಎನ್ನಲೂ ಸಂಕೋಚವಾಗುವಷ್ಟು ತೆಳುವಾದ ಗಾಳಿಯಲ್ಲಿ, ಹಗಲು ಹೊತ್ತು ವಿದ್ಯುತ್ತಿನ ಒಂದು ಹೊಳೆ ಹರಿಯುತ್ತದೆ. ಬಿಸಿಲೇ ಅದನ್ನು ಹುಟ್ಟಿಸುವುದು. ಸೂರ್ಯ ನೆತ್ತಿಗೆ ಬಂದಾಗ ಅದು ತುಂಬಿ ಹರಿಯುತ್ತದೆ, ಸಂಜೆಗೆ ಬತ್ತುತ್ತದೆ. ನಡುಹರಿವು ಕನ್ಯಾಕುಮಾರಿಯ ಕಡೆ. ಅದರ ಒಂದು ದಡ ಮಾತ್ರ ನಮ್ಮ ಮೇಲೆ ಹಾಯುತ್ತದೆ. ಆ ದಡವನ್ನು ಅಲೆಗಳಿಂದ ಬಿಸಿ ಮಾಡಿದರೆ ಹರಿವು ಬದಲಾಗುತ್ತದೆ, ಬಿಟ್ಟರೆ ಮೊದಲಿನಂತಾಗುತ್ತದೆ. ಬಿಸಿ ಮಾಡುವುದು, ಬಿಡುವುದು, ಮತ್ತೆ ಬಿಸಿ ಮಾಡುವುದು, ಹೀಗೆ ತಾಳ ತಪ್ಪದೆ ನಡೆಸಿದರೆ ಹೊಳೆಯೇ ಮಿಡಿಯತೊಡಗಿ ತನ್ನದೇ ಒಂದು ನಿಧಾನವಾದ ಅಲೆಯನ್ನು ಹೊರಡಿಸುತ್ತದೆ. ಮಾಮೂಲಿ ರೇಡಿಯೋ ಅಲೆ ಉಪ್ಪುನೀರಿನಲ್ಲಿ ಒಂದಿಷ್ಟು ಇಳಿಯುವಷ್ಟರಲ್ಲಿ ಸತ್ತುಹೋಗುತ್ತದೆ. ಈ ನಿಧಾನದ ಅಲೆ ಹಾಗಲ್ಲ. ಅದು ಜಲಾಂತರ್ಗಾಮಿಗಳು ಅಡಗಿ ಓಡಾಡುವ ಆಳಕ್ಕೂ ಇಳಿಯುತ್ತದೆ.

ಊರಿನವರಿಗೆ ಇಷ್ಟು ಉದ್ದದ ವಿವರಣೆ ಬೇಕಿರಲಿಲ್ಲ. ಕೇಂದ್ರಕ್ಕೆ ಕರೆಂಟು ಸಾಲಲೆಂದು ಮಧ್ಯಾಹ್ನ ಒಂದು ಗಂಟೆಯ ಹೊತ್ತು ಸುತ್ತಲ ಊರುಗಳ ಕರೆಂಟು ತೆಗೆಯುತ್ತಿದ್ದರು. ಹೊತ್ತಾಗುತ್ತಲೇ ಗಿರಣಿಯ ಮುಂದೆ ಯಾರಾದರೂ ಕೂಗುವರು: "ಆಕಾಸಕ್ಕೆ ಒಗ್ಗರಣೆ ಹಾಕೋ ಹೊತ್ತಾಯ್ತು, ಬೆಲ್ಟ್ ಇಳಿಸ್ರಪ್ಪೋ!"

ಸೊಸೆಯ ಮುಂದೆ ನಾನೂ ಹಾಗೇ ಅನ್ನುತ್ತಿದ್ದೆ. ಅವಳಿಗೆ ನಗು. ನಗುವಿನ ಹಿಂದೆ ಇಬ್ಬರಿಗೂ ಇನ್ನೊಂದು ವಿಷಯ ಗೊತ್ತಿತ್ತು. ನನ್ನ ಮಗ ಭಾರ್ಗವ ನೌಕಾಪಡೆಯ ಜಲಾಂತರ್ಗಾಮಿಯಲ್ಲಿ ಅಧಿಕಾರಿ. ಕಾರವಾರದಿಂದ ಹೊರಟನೆಂದರೆ ವಾರಗಟ್ಟಲೆ ಸುದ್ದಿಯಿಲ್ಲ. ಯಾವ ಹಡಗು, ಯಾವ ದಿಕ್ಕು, ಕೇಳುವ ಹಾಗಿಲ್ಲ. ನೀರಿನೊಳಗೆ ಅವರು ಉದ್ದದ ತಂತಿಯೊಂದನ್ನು ಬಾಲದಂತೆ ಎಳೆದುಕೊಂಡು ಹೋಗುತ್ತಾ, ಮಧ್ಯಾಹ್ನದ ಹೊತ್ತು ಆಕಾಶಕ್ಕೆ ಕಿವಿ ಕೊಡುತ್ತಾರೆ. ಕೇಳಬಹುದು, ಉತ್ತರ ಕೊಡಲಾಗದು. ಹಡಗು ಬಂದರಿಗೆ ಮರಳುವವರೆಗೆ, ಕಳಿಸಿದ್ದು ಮುಟ್ಟಿತೋ ಇಲ್ಲವೋ ಕಳಿಸಿದವರಿಗೂ ತಿಳಿಯದು.

"ಇವತ್ತು ಏನು ಹೇಳಿದೆಯೇ ನನ್ನ ಮಗನಿಗೆ?" ಊಟಕ್ಕೆ ಬಂದಾಗ ಕೇಳುತ್ತಿದ್ದೆ.

"ನಿಮ್ಮ ಮಗನಿಗೇ ಅಂತ ಯಾರು ಹೇಳಿದ್ದು ಅತ್ತೆ? ಯಾವ ಹಡಗೋ ಏನೋ. ಪರೀಕ್ಷೆಯ ಸಂಕೇತ ಅಷ್ಟೇ."

"ಊಟ ಆಯ್ತಾ ಅಂತ ಒಂದು ಮಾತು ಸೇರಿಸಬಾರದಾ?"

"ಒಂದೊಂದು ಅಕ್ಷರಕ್ಕೆ ಹತ್ತು ಹತ್ತು ನಿಮಿಷ ಬೇಕು. ನೀವು ಕೇಳಿದ್ದು ಮುಟ್ಟೋ ಹೊತ್ತಿಗೆ ಅವರಿಗೆ ಮತ್ತೆ ಹಸಿವಾಗಿರುತ್ತೆ!"

ಆಷಾಢದ ಒಂದು ಶುಕ್ರವಾರ. ಬೆಳಗಿನಿಂದ ಮೋಡ, ಗಾಳಿ. ಕಾಫಿಗೆ ಹಾಲು ಕಾಯಿಸುತ್ತಿದ್ದಾಗ ವಸುವಿಗೆ ಫೋನ್ ಬಂತು. ಅವಳು ಜಡೆಯನ್ನು ಅರ್ಧಕ್ಕೇ ಬಿಟ್ಟು ಓಡಿದಳು.

ಅಲ್ಲಿ ಏನಾಯಿತೆಂಬುದನ್ನು ಆಮೇಲೆ ಅವಳಿಂದಲೂ ಕಮಾಂಡರ್ ಕುಶಾಲಪ್ಪನವರಿಂದಲೂ ಚೂರುಚೂರಾಗಿ ಕೇಳಿ ತಿಳಿದುಕೊಂಡೆ. ಕುಶಾಲಪ್ಪನವರು ಕೊಡಗಿನವರು, ಕೇಂದ್ರದಲ್ಲಿ ನೌಕಾಪಡೆಯ ಪ್ರತಿನಿಧಿ. ನಮ್ಮ ಮನೆಗೆ ಬಂದರೆ ಕುಡಿದ ಲೋಟವನ್ನು ತಾವೇ ತೊಳೆದಿಟ್ಟು ಹೋಗುವಂಥ ಮನುಷ್ಯ.

ಕೇಂದ್ರದಲ್ಲಿ ಇನ್ನೊಂದು ವಿಭಾಗವಿತ್ತು. ಸಮುದ್ರದ ತಳದಲ್ಲಿ ಮಲಗಿಸಿದ ಯಂತ್ರಗಳ ಮೂಲಕ ಭೂಮಿಯ ಸದ್ದು ಕೇಳುವುದು ಅದರ ಕೆಲಸ. ಬೆಳಗಿನ ಜಾವ ಅರಬ್ಬೀ ಸಮುದ್ರದ ನಡುವೆ ಒಂದು ಸಣ್ಣ ಕಂಪನವಾಗಿತ್ತು. ಕಂಪನ ನಿಂತಿತು, ಸದ್ದು ನಿಲ್ಲಲಿಲ್ಲ. ಕಾದ ಕಾವಲಿಯ ಮೇಲೆ ನೀರು ಚಿಮುಕಿಸಿದಂತೆ ಚುರ್ ಎನ್ನುವ ಸದ್ದು, ತಳದ ಒಂದು ಉದ್ದನೆಯ ಬಿರುಕಿನಗುಂಟ ಹರಡುತ್ತಾ ಹೋಯಿತು. ನೆಲದಡಿ ಹೆಪ್ಪುಗಟ್ಟಿದ್ದ ಅನಿಲ ಹೊರಬಿದ್ದು ಗುಳ್ಳೆಗುಳ್ಳೆಯಾಗಿ ಮೇಲೇಳುತ್ತಿತ್ತು. ಮೈಲಿಗಟ್ಟಲೆ ನೀರು ನೊರೆಯಾಗುತ್ತಿತ್ತು. ನೀರಿನಲ್ಲಿ ಹಡಗು ನಿಲ್ಲುತ್ತದೆ, ನೊರೆಯಲ್ಲಿ ನಿಲ್ಲುವುದಿಲ್ಲ. ಒಳಗೆ ಹೋದದ್ದು ಕಲ್ಲಿನಂತೆ ಇಳಿದುಬಿಡುತ್ತದೆ.

ಒಂದು ಜಲಾಂತರ್ಗಾಮಿ ಆ ದಿಕ್ಕಿಗೇ ಹೊರಟಿತ್ತು. ಯಾರಿಗೂ ಕಾಣದೆ, ಯಾರೊಂದಿಗೂ ಮಾತಾಡದೆ ಆಳದಲ್ಲೇ ಸಾಗಬೇಕಾದ ಸಮರಾಭ್ಯಾಸ ಅದು. ಸಂಜೆಯ ಹೊತ್ತಿಗೆ ಬಿರುಕಿನ ಮೇಲೆ ಬರುತ್ತಿತ್ತು. ಅದನ್ನು ಮುಟ್ಟುವ ದಾರಿ ಒಂದೇ, ನಡುಮಧ್ಯಾಹ್ನದ ಆಕಾಶ. ನಾಳೆಯ ಮಧ್ಯಾಹ್ನ ಎನ್ನುವುದು ಇರಲಿಲ್ಲ.

ಯಾವ ಹಡಗಿನಲ್ಲಿ ಯಾರಿದ್ದಾರೆ ಎಂದು ಹೇಳುವ ಹಾಗಿಲ್ಲವಷ್ಟೆ. ಕುಶಾಲಪ್ಪನವರು ಹೇಳಲೂ ಇಲ್ಲ. ಕುರ್ಚಿಯೊಂದನ್ನು ಅವಳ ಪಕ್ಕಕ್ಕೆ ಎಳೆದುಕೊಂಡು ಕೂತು, ದನಿ ತಗ್ಗಿಸಿ, "ವಸುಮತಿ, ಬೇಕಿದ್ದರೆ ಇವತ್ತು ಬೇರೆಯವರು ಕಳಿಸಲಿ," ಎಂದರಂತೆ.

ಅಷ್ಟು ಸಾಕಾಯಿತು. ಅವಳು ಒಂದು ಕ್ಷಣ ಮೇಜಿನ ಅಂಚನ್ನು ಹಿಡಿದುಕೊಂಡು, "ಬೇಡ ಸರ್. ನಾನೇ ಕಳಿಸ್ತೀನಿ," ಎಂದಳು.

ಕಳಿಸಬೇಕಾದದ್ದು ಮೂರೇ ಅಕ್ಷರದ ಸಂಕೇತ, ಅದರ ಅರ್ಥ: ಮೇಲೆ ಬಂದು ಮಾತಾಡು. ಹಡಗು ಎಂದಿಗಿಂತ ದೂರದಲ್ಲಿತ್ತು, ಎಂದಿಗಿಂತ ಆಳದಲ್ಲಿತ್ತು. ದಿನಕ್ಕಿಂತ ಎರಡು ಪಾಲು ಶಕ್ತಿ ಬೇಕು.

"ಕಳಿಸಿದರೂ ಕ್ಯಾಪ್ಟನ್ ನಂಬಬೇಕಲ್ಲ," ಎಂದರು ಕುಶಾಲಪ್ಪ. "ಈ ಅಭ್ಯಾಸದಲ್ಲಿ ಸುಮ್ಮಸುಮ್ಮನೆ ಆಜ್ಞೆ ಕಳಿಸಿ ಪರೀಕ್ಷೆ ಮಾಡೋದೂ ಉಂಟು. ಅವಸರಪಟ್ಟು ಮೇಲೆ ಬಂದರೆ ಸೋತ ಹಾಗೆ. ನಾನು ಆ ಜಾಗದಲ್ಲಿದ್ದರೆ ನಾಳೆ ಇನ್ನೊಮ್ಮೆ ಕೇಳಿ ನೋಡೋಣ ಅಂತಿದ್ದೆ."

"ನಂಬ್ತಾರೋ ಇಲ್ಲವೋ ಆಮೇಲೆ ಸರ್. ಮೊದಲು ಮುಟ್ಟಲಿ."

ಕುಶಾಲಪ್ಪನವರು ಕರೆಂಟ್ ಆಫೀಸಿಗೆ ಫೋನ್ ಮಾಡಿದರು. ಆಮೇಲೆ ದುಂಡಮ್ಮನಿಗೆ.

ದುಂಡಮ್ಮ ಬೆಳಚಿಕಟ್ಟೆಯ ಹೆಂಗಸರ ಹಾಲಿನ ಸಂಘದ ಅಧ್ಯಕ್ಷೆ. ಊರೂರಿನ ಡೇರಿಗಳಲ್ಲೂ ಮೈಕ್ ಉಂಟು; ಹಾಲು ಅಳೆಯುವ ಹೊತ್ತು, ದನದ ಡಾಕ್ಟರು ಬರುವ ಹೊತ್ತು ಎಲ್ಲ ಅದರಲ್ಲೇ ಸಾರುವುದು. ಸುದ್ದಿ ಬೇಗ ಹರಡಬೇಕಾದರೆ ದುಂಡಮ್ಮನಿಗೆ ಹೇಳಿದರಾಯಿತು, ಅವಳು ಉಳಿದ ಡೇರಿಗಳಿಗೆ ದಾಟಿಸುತ್ತಾಳೆ.

ನಾನು ಆಗ ಗಿರಣಿಯಲ್ಲಿದ್ದೆ, ಹುರಿದ ಗೋಧಿ ಬೀಸಿಸಲು. ಎದುರಿನ ಡೇರಿಯಿಂದ ಅವಳ ದನಿ ಕೇಳಿತು: "ಎಲ್ರೂ ಕೇಳ್ರಪ್ಪೋ! ಇವತ್ತು ಹನ್ನೆರಡರಿಂದ ಎರಡರ ಗಂಟ ಒಂದು ಬಲ್ಬೂ ಉರೀಬಾರ್ದು ಅಂತ ಕಂಬದ ಟೇಸನ್ನೋರು ಕೇಳ್ಕಂಡವ್ರೆ. ಯಾಕೆ ಏನು ಅಂತ ಕೇಳ್ಬ್ಯಾಡಿ. ದೊಡ್ಡ ಒಗ್ಗರಣೆ ಇರ್ಬೇಕು! ಅಷ್ಟ್ರೊಳಗೆ ನಿಮ್ ನಿಮ್ ಕೆಲ್ಸ ಮುಗಿಸ್ಕಳಿ!"

ಕೊನೆಯ ಮಾತು ಕುಶಾಲಪ್ಪನವರು ಹೇಳಿದ್ದಲ್ಲ. ಅದು ಅವಳು ಸೇರಿಸಿದ್ದು, ಜನಕ್ಕೆ ತೊಂದರೆಯಾಗದಿರಲೆಂದು.

ಆಹಾ, ಆ ಗಡಿಬಿಡಿ! ಊರಿಗೆ ಊರೇ ಸೊಂಟ ಕಟ್ಟಿ ನಿಂತಿತು. ಬೋರುಗಳೆಲ್ಲ ಒಟ್ಟಿಗೆ ಶುರುವಾದವು. ತೊಟ್ಟಿ ತುಂಬಿತು, ಕೊಡ ತುಂಬಿತು, ಕಡೆಗೆ ಪಾಯಸದ ಪಾತ್ರೆಗೂ ನೀರು ತುಂಬಿಟ್ಟರು. ಮಿಕ್ಸಿಗಳು ಕೂಗಿದವು. ಗಿರಣಿಯ ಮುಂದೆ ಸಾಲು ಬೆಳೆಯಿತು, ಆದರೂ ನನ್ನನ್ನು ಕಂಡು ಒಬ್ಬೊಬ್ಬರೂ ಜಾಗ ಬಿಟ್ಟರು. "ನಂದು ಆಮೇಕಾಯ್ತದೆ, ಅಮ್ಮಾರ್ದು ಮೊದ್ಲು ಹಾಕಣ್ಣ, ವಯಸ್ಸಾಗದೆ." ಗಾರೆ ಕೆಲಸದ ಕೆಂಪಣ್ಣ, ಬಾಣಂತಿ ಇರುವ ಮನೆಗೆಂದು ತನ್ನ ಸರದಿಯನ್ನೇ ಕೊಟ್ಟುಬಿಟ್ಟ.

ಇನ್ನೊಂದು ಕೆಲಸವೂ ಮನೆಮನೆಯಲ್ಲಿ ನಡೆಯಿತು. ಸರ್ಕಾರದ ಯೋಜನೆಯಲ್ಲಿ ಎಲ್ಲರ ಮಾಳಿಗೆಗೂ ಸೌರಫಲಕ ಬಂದಿತ್ತು, ಗೋಡೆಗೊಂದು ಬ್ಯಾಟರಿ ಪೆಟ್ಟಿಗೆ. ಪೆಟ್ಟಿಗೆಗೆ ಒಂದು ಹಿಡಿ. ಎಡಕ್ಕೆ ತಿರುಗಿಸಿದರೆ ಬ್ಯಾಟರಿ ಕರೆಂಟು ತೆಗೆದುಕೊಳ್ಳುತ್ತದೆ. ಬಲಕ್ಕೆ ತಿರುಗಿಸಿದರೆ ಒಳಗಿದ್ದದ್ದು ಲೈನಿಗೆ ಹೋಗುತ್ತದೆ. ಹಗಲು ತುಂಬಿಸಿಕೊಂಡು ಸಂಜೆ ಸರ್ಕಾರಕ್ಕೆ ಮಾರುವುದು ರೂಢಿ. ಅಂದು ಮೋಡ, ಬಿಸಿಲಿಲ್ಲ. ಎರಡು ಗಂಟೆ ಕರೆಂಟಿಲ್ಲದಿದ್ದರೆ ಗತಿಯೇನೆಂದು ಎಲ್ಲರೂ ಹಿಡಿಯನ್ನು ಎಡಕ್ಕೆ ತಿರುಗಿಸಿ ಲೈನಿನಿಂದಲೇ ತುಂಬಿಸಿಕೊಂಡರು. ಬೆಳಚಿಕಟ್ಟೆಯಲ್ಲಿ ಮಾತ್ರವಲ್ಲ, ಸುತ್ತಲ ಊರುಗಳಲ್ಲೆಲ್ಲ.

ಹನ್ನೆರಡಾಗಲು ಇನ್ನೇನು, ಊರಾಚೆಯ ಸಬ್‌ಸ್ಟೇಷನ್ನಿನಲ್ಲಿ ಸಿಡಿಲು ಬಡಿದಂಥ ಸದ್ದಾಯಿತು. ಗಿರಣಿಯ ಬೆಲ್ಟು ಸುತ್ತಿ ಸುತ್ತಿ ನಿಂತಿತು. ಚೆಂಡುಹೂವಿನ ಹೊಲದ ಮೇಲೆ ಕಪ್ಪು ಹೊಗೆ.

ನಿಯಂತ್ರಣ ಕೊಠಡಿಯಲ್ಲಿ ಪರದೆಗಳೆಲ್ಲ ಒಮ್ಮೆಲೇ ಆರಿದವಂತೆ. ಎಲ್ಲರೂ ಸಿದ್ಧವಾಗಿ ಕೂತಿದ್ದರು, ಮೋಡಗಳಾಚೆ ಆಕಾಶದ ಹೊಳೆ ತುಂಬಿತ್ತು, ವಸುವಿನ ಬೆರಳು ಗುಂಡಿಯ ಮೇಲಿತ್ತು.

ಕೆಲವೇ ನಿಮಿಷದಲ್ಲಿ ವಸುವನ್ನೂ ಕುಶಾಲಪ್ಪನವರನ್ನೂ ಹೊತ್ತ ಜೀಪು ಸಬ್‌ಸ್ಟೇಷನ್ನಿನ ಮುಂದೆ ನಿಂತಿತು. ನಾವೂ ಅಲ್ಲಿಗೆ ಓಡಿದ್ದೆವು. ಲೈನ್‌ಮ್ಯಾನ್ ಗುರುಮಲ್ಲಪ್ಪ ಮರಳು ಎರಚಿ ಬೆಂಕಿ ಆರಿಸುತ್ತಿದ್ದ. "ದೊಡ್ಡ ಟ್ರಾನ್ಸ್‌ಫಾರ್ಮರ್ರೇ ಹೋಯ್ತು ಮೇಡಂ. ಮೈಸೂರಿಂದ ಬೇರೆ ಬರ್ಬೇಕು. ನಾಳೆ ಆಯ್ತದೆ."

"ನಾಳೆ ಆಗಲ್ಲ!" ವಸು ಹಾಗೆ ಚೀರಿದ್ದನ್ನು ನಾನು ಅಂದೇ ಮೊದಲು ಕೇಳಿದ್ದು. "ಬಲ್ಬ್ ಕೂಡ ಹಾಕಬೇಡಿ ಅಂತ ಹೇಳಿದ್ದು! ಯಾರು ಹೀಗೆ ಎಳೆದಿದ್ದು ಇಷ್ಟೊಂದು ಕರೆಂಟು?"

ದುಂಡಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಮುಂದೆ ಬಂದಳು. "ನಂದೇ ತಪ್ಪು ಕನವ್ವ. ಹನ್ನೆರಡರ ಮೇಲೆ ಬ್ಯಾಡ ಅಂದ್ರಲ್ಲ, ಅಷ್ಟ್ರೊಳಗೆ ಮುಗಿಸ್ಕಳಿ ಅಂದ್ಬುಟ್ಟೆ. ಜನ ನಿಮಗೆ ಒಳ್ಳೇದಾಗ್ಲಿ ಅಂತಾನೆ ಅವಸರ ಮಾಡ್ಕಂಡ್ರು."

ವಸು ನನ್ನ ಕಡೆ ತಿರುಗಿದಳು. ನನ್ನ ಮುಂಗೈ ಹಿಡಿದಳು. "ಅತ್ತೆ, ನೀವು ಮನೆಗೆ ಹೋಗಬೇಡಿ. ಇವರ ಜೊತೇಲೇ ಇರಿ." ಅವಳ ಕೈ ಮಂಜಿನಂತಿತ್ತು. ಯಾರಿಗಾಗಿ ಎಂದು ನನಗೆ ಆಗಲೇ ತಿಳಿದುಹೋಯಿತು.

"ಇಷ್ಟೊಂದು ಕರೆಂಟು ಎಲ್ಲಿಗೆ ಹೋಯ್ತು," ಎಂದು ಅವಳು ತನಗೆ ತಾನೇ ಗೊಣಗಿಕೊಂಡಳು.

"ಎಲ್ಲಿಗೋದದು? ಮನೆ ಮನೇಲೇ ಅದೆ ಕನವ್ವ. ಪೆಟ್ಟಿಗೆ ಎಲ್ಲಾ ಗಂಟಲ ಮಟ್ಟ ತುಂಬ್ಕಂಡು ಕೂತವೆ," ಎಂದಳು ದುಂಡಮ್ಮ, ಅಳುದನಿಯಲ್ಲೇ.

ವಸು ನಿಂತಲ್ಲೇ ನಿಂತಳು. ಹೊಗೆಯನ್ನು ನೋಡಿದಳು, ಕಂಬಗಳ ಮೇಲೆ ಊರ ಕಡೆ ಓಡುವ ತಂತಿಗಳನ್ನು ನೋಡಿದಳು. "ಗುರುಮಲ್ಲಪ್ಪ, ಸುಟ್ಟದ್ದು ಮೈಸೂರಿಂದ ಬರೋ ದಾರಿ. ಊರಿಂದ ಊರಿಗೆ, ಊರಿಂದ ನಮ್ಮ ಕೇಂದ್ರಕ್ಕೆ ಇರೋ ಲೈನು ಸರಿ ಇದೆಯಲ್ಲ?"

"ಅವೆಲ್ಲಾ ಸರ್ಯಾಗವೆ. ಕರೆಂಟೇ ಇಲ್ವಲ್ಲ ಕೊಡಕ್ಕೆ."

"ಇದೆ! ಆ ಪೆಟ್ಟಿಗೆಗಳಿಗೆ ತಾಳ ಬೇಕು ಅಷ್ಟೇ. ಲೈನಿನಲ್ಲಿ ಒಂದು ತಾಳ ಕೇಳಿಸಿದರೆ ತಾನೇ ಅವು ಕೊಡೋದು? ನಮ್ಮ ಡೀಸೆಲ್ ಜನರೇಟರ್ ಒಂದೇ ಸಾಲಲ್ಲ, ಆದರೆ ತಾಳ ಹಿಡಿಯುತ್ತೆ. ಭಜನೆಯಲ್ಲಿ ಒಬ್ಬ ತಾಳ ಹಾಕಿದರೆ ಎಲ್ಲರೂ ದನಿಗೂಡಿಸಲ್ವಾ, ಹಾಗೆ. ಸರ್, ಆಗುತ್ತೆ!"

ಕುಶಾಲಪ್ಪನವರು ಆಗಲೇ ಜೀಪು ತಿರುಗಿಸುತ್ತಿದ್ದರು. ದುಂಡಮ್ಮ ಅವರ ಮುಂದೆ ಹೋಗಿ ನಿಂತಳು.

"ಒಂದೇ ಕೇಳ್ತೀನಿ ಸಾಮಿ. ಜೀವದ ಮಾತಾ?"

ಅವರು ಅವಳನ್ನೇ ನೋಡಿದರು. "ಹೌದು ಅವ್ವಾ."

"ಸಾಕು, ನಡೀರಿ."

ನಾನೂ ದುಂಡಮ್ಮನೂ ಡೇರಿಗೆ ಓಡಿದೆವು. ನನ್ನ ವಯಸ್ಸಿನಲ್ಲಿ ಓಡಿದೆ ಎಂದರೆ ನೀವು ನಗುತ್ತೀರಿ, ಆದರೆ ಓಡಿದೆ. ಮೈಕಿಗೆ ಅದರದೇ ಬ್ಯಾಟರಿಯಿತ್ತು.

"ಕೇಳ್ರಪ್ಪೋ! ನಾನೇ ಮುಗಿಸ್ಕಳಿ ಅಂದೆ, ಅದೇ ಎಡವಟ್ಟಾಯ್ತು. ತುಂಬಿಸ್ಕಂಡಿರೋದೆಲ್ಲ ವಾಪಸ್ ಕೊಡ್ಬೇಕು! ಪೆಟ್ಟಿಗೆ ಹಿಡಿ ಬಲಕ್ಕೆ ತಿರುಗ್ಸಿ! ಫ್ಯಾನು ಬ್ಯಾಡ, ಟೀವಿ ಬ್ಯಾಡ, ಫೋನ್ ಚಾರ್ಜೂ ಬ್ಯಾಡ! ಜೀವದ ಮಾತು ಕನ್ರಪ್ಪೋ, ಜೀವದ ಮಾತು!"

ಮತ್ತೆ ಫೋನು ಹಿಡಿದಳು. ಒಂದು ಡೇರಿಯವರು ಇನ್ನೊಂದಕ್ಕೆ, ಅವರು ಮತ್ತೊಂದಕ್ಕೆ. ಗಾಳಿಯಲ್ಲಿ ದೂರದ ಊರುಗಳ ಮೈಕುಗಳೂ ಒಂದಾದ ಮೇಲೆ ಒಂದು ಎದ್ದವು; ಮಾತು ತಿಳಿಯದಿದ್ದರೂ ಆ ಕೂಗಿನ ಅವಸರ ತಿಳಿಯುತ್ತಿತ್ತು. ಹೆಂಗಸರು ಬೀದಿಬೀದಿ ಓಡಿ ಬಾಗಿಲು ತಟ್ಟಿದರು. ಬೀಗ ಹಾಕಿದ್ದ ಮನೆಯ ಕಿಟಕಿಯಿಂದ ಕೆಂಪಣ್ಣ ಬಿದಿರು ಕೋಲು ತೂರಿಸಿ ಹಿಡಿಯನ್ನು ತಿರುಗಿಸಿದ. "ನಾಳೆ ಬೈಯ್ತಾರೆ, ಬೈಲಿ ಬುಡಿ," ಎಂದ.

"ಲೇ, ಲೆಕ್ಕ ಯಾರ ಮೀಟ್ರಿಗೆ ಹೋಯ್ತದೋ?" ಎಂದ ಒಬ್ಬ.

"ನಿನ್ ಮೀಟ್ರು ಸುಟ್ಟೋಗ, ತಿರುಗ್ಸೋ ಮೊದ್ಲು!" ಎಂದಳು ಅವನ ಹೆಂಡತಿ.

ಕೇಂದ್ರದಲ್ಲಿ ಜನರೇಟರ್ ಗುಡುಗಿ ತಾಳ ಹಿಡಿಯಿತು. ವಸು ಶಕ್ತಿ ತೋರಿಸುವ ಮೀಟರಿನ ಮುಳ್ಳನ್ನು ನೋಡುತ್ತಾ ನಿಂತಳು. ಮೊದಲು ಅಲುಗಲಿಲ್ಲ. ಆಮೇಲೆ ಕೂದಲೆಳೆಯಷ್ಟು ಏರಿತು. ಮತ್ತಷ್ಟು. ಒಂದು ಊರು ಬಂದರೆ ಒಂದು ನೆಗೆತ, ಇನ್ನೊಂದು ಊರು ಬಂದರೆ ಇನ್ನೊಂದು ನೆಗೆತ. ಕೊಠಡಿಯಲ್ಲಿದ್ದವರು ಕ್ರಿಕೆಟ್ ನೋಡುವವರಂತೆ ಕೂಗತೊಡಗಿದರು. ದಿನದ ಗೆರೆ ದಾಟಿತು. ಎರಡು ಪಾಲಿನ ಗೆರೆಯ ಹತ್ತಿರ ಬಂತು. ಮುಟ್ಟಿತು!

"ಕಳಿಸಿ," ಎಂದರು ಕುಶಾಲಪ್ಪ.

ಕಂಬಗಳ ಬಯಲು ಗುಂಯ್‌ಗುಟ್ಟಿತು. ಭೂಮಿಯ ಕಾಂತತೆ ಅಳೆಯುವ ಯಂತ್ರದ ಗೆರೆ, ನೂರು ಕಿಲೋಮೀಟರ್ ಮೇಲೆ ಹೊಳೆ ಮಿಡಿದಂತೆಲ್ಲ ತಾನೂ ಏರಿಳಿಯಿತು. ಅಷ್ಟು ದೊಡ್ಡ ಮಿಡಿತವನ್ನು ವಸು ಯಾವತ್ತೂ ಕಂಡಿರಲಿಲ್ಲ. ಆಕಾಶ ನಿಜವಾಗಿ ಮಾತಾಡುತ್ತಿತ್ತು, ಹಳ್ಳಿಯ ಗೋಡೆಪೆಟ್ಟಿಗೆಗಳ ಉಸಿರಿನಿಂದ. ಹೆದರಿಕೆಯ ನಡುವೆಯೂ ಅವಳಿಗೆ ಕುಣಿಯಬೇಕು ಅನ್ನಿಸಿತಂತೆ.

ಮೊದಲ ಅಕ್ಷರ ಹೋಯಿತು. ಎರಡನೆಯದೂ ಹೋಯಿತು. ಮೂರನೆಯದರ ನಡುವೆ ಮುಳ್ಳು ಜಾರತೊಡಗಿತು. ಪೆಟ್ಟಿಗೆಗಳು ಖಾಲಿಯಾಗುತ್ತಿದ್ದವು.

ಡೇರಿಯಲ್ಲಿ ಫೋನು ಹೊಡೆದುಕೊಂಡಿತು. ನಾನೇ ಎತ್ತಿದೆ. "ಅತ್ತೆ, ದುಂಡವ್ವನ್ನ ಕೇಳಿ, ಇನ್ನೆಲ್ಲಾದರೂ ಇದೆಯಾ? ಸ್ವಲ್ಪ ಸಾಕು. ಬೇಗ!"

ಕೇಳಬೇಕಾಗಿರಲಿಲ್ಲ. ಅವಳ ದನಿ ದುಂಡಮ್ಮನಿಗೂ ಕೇಳಿತ್ತು. ನಾವಿಬ್ಬರೂ ಒಂದೇ ಕಡೆ ನೋಡಿದೆವು. ಕೋಣೆಯ ನಡುವೆ ಹಾಲು ತಂಪು ಮಾಡುವ ದೊಡ್ಡ ತೊಟ್ಟಿ. ಅದರ ಹಿಂದೆ ಗೋಡೆಯುದ್ದಕ್ಕೂ ಬ್ಯಾಟರಿಗಳು. ಕರೆಂಟು ಹೋದಾಗ ಹಾಲು ಕೆಡದಿರಲೆಂದು ಇಟ್ಟದ್ದು. ತೊಟ್ಟಿಯಲ್ಲಿ ಎಷ್ಟೋ ಊರುಗಳ ಬೆಳಗಿನ ಹಾಲು. ಒಂದೆರಡು ಎಮ್ಮೆ ಕಟ್ಟಿಕೊಂಡು ವಾರ ದೂಡುವ ಹೆಂಗಸರ ಹಾಲು.

ದುಂಡಮ್ಮ ಬ್ಯಾಟರಿಯ ಹಿಡಿಯ ಮೇಲೆ ಕೈಯಿಟ್ಟಳು. ತೆಗೆದಳು. ತೊಟ್ಟಿಯನ್ನು ಅಂಗೈಯಿಂದ ಸವರಿದಳು. ನನ್ನ ಮಗ ಆ ನೀರಿನಲ್ಲಿದ್ದ. ಆದರೂ ಬಾಯಿ ಬಿಟ್ಟು ಕೇಳಲು ನನಗಾಗಲಿಲ್ಲ. ಆ ಹಾಲು ನನ್ನದಾಗಿರಲಿಲ್ಲ. ಅವಳು ನನ್ನ ಮುಖ ನೋಡಿದಳು. ಏನು ಕಂಡಳೋ, ಹಲ್ಲು ಕಚ್ಚಿ ಹಿಡಿಯನ್ನು ಬಲಕ್ಕೆ ಎಳೆದುಬಿಟ್ಟಳು. ತೊಟ್ಟಿಯ ಮೋಟಾರು ನಿಂತು ಕೋಣೆ ಮೌನವಾಯಿತು.

ಕೇಂದ್ರದಲ್ಲಿ ಅಷ್ಟು ಹೊತ್ತಿಗೆ ಮೂರನೆಯ ಅಕ್ಷರ ಅರ್ಧಕ್ಕೇ ಸತ್ತಿತ್ತು. ಯಂತ್ರದ ಗೆರೆ ಚಪ್ಪಟೆಯಾಗಿತ್ತು. ವಸು ಮುಖ ಮುಚ್ಚಿಕೊಂಡಿದ್ದಳು. ಮುಳ್ಳು ಮತ್ತೆ ನೆಗೆದಾಗ ಕುಶಾಲಪ್ಪನವರೇ ಅವಳ ಭುಜ ತಟ್ಟಿದರು. ಉಳಿದರ್ಧ ಕಳಿಸಿದರೆ ಅರ್ಥವಾಗದು. ಅವಳು ಮೂರನೆಯದನ್ನು ಮೊದಲಿನಿಂದ ಶುರು ಮಾಡಿದಳು. ಕೊನೆಯ ಮಿಡಿತ ಹೊರಟ ಮೇಲೆ ಬ್ಯಾಟರಿಗಳು ಒಂದು ನಿಮಿಷವೂ ಉಳಿಯಲಿಲ್ಲ.

ಅಲ್ಲಿಂದಾಚೆ ಕಾಯುವುದೊಂದೇ. ಹೊಳೆ ಇಳಿಯಿತು. ಮೋಡ ಸರಿದು ಸ್ವಲ್ಪ ಬಿಸಿಲು ಬಂತು. ನೌಕಾಪಡೆಯ ಫೋನಿನ ಮುಂದೆ ಕೂತ ವಸುವಿನ ಮುಂದೆ ಯಾರೋ ಬಾಳೆಹಣ್ಣು ಸುಲಿದಿಟ್ಟಿದ್ದರು, ಅದು ಕಪ್ಪಾಯಿತು.

ಬಿಸಿಲು ಓರೆಯಾಗುವ ಹೊತ್ತಿಗೆ ಫೋನು ಬಡಿಯಿತು. ಕುಶಾಲಪ್ಪ ಎತ್ತಿಕೊಂಡರು. ಕೇಳಿದರು. "ಹೌದು, ಹೌದು" ಎಂದರು. ಆಮೇಲೆ ಫೋನನ್ನು ವಸುವಿನ ಕಿವಿಗೆ ಹಿಡಿದರು. ಕಾರವಾರದ ಮೂಲಕ ಹಾಯ್ದು ಬಂದ ದನಿ, ಜಲಾಂತರ್ಗಾಮಿಯ ಕ್ಯಾಪ್ಟನ್ನರದು. ಹಡಗು ಮೇಲೆ ಬಂದಿತ್ತು, ಬಿರುಕಿಗೆ ಇನ್ನೂ ದಾರಿಯಿರುವಾಗಲೇ.

"ಅಲ್ಲಿ ಏನಾಗಿತ್ತು ನಿಮಗೆ?" ಎಂದು ಆ ದನಿ ಕೇಳಿತು. "ಎರಡು ಅಕ್ಷರ ಸರಿಯಾಗಿ ಬಂತು. ಇದೂ ಒಂದು ಪರೀಕ್ಷೆ, ನಾಳೆ ನೋಡೋಣ ಅಂತ ನಾನು ಎದ್ದು ಹೊರಟಿದ್ದೆ. ಮೂರನೆಯದು ಉಸಿರು ಕಟ್ಟಿದ ಹಾಗೆ ನಿಂತುಹೋಯ್ತು. ಆಮೇಲೆ ಮತ್ತೆ ಮೊದಲಿನಿಂದ ಬಂತು. ಯಂತ್ರ ಹಾಗೆ ತಡವರಿಸಲ್ಲ. ಮೇಲೆ ಯಾರೋ ಮನುಷ್ಯರು ತುಂಬ ಕಷ್ಟಪಟ್ಟು ಹೇಳ್ತಿದ್ದಾರೆ ಅನ್ನಿಸ್ತು. ಮೇಲೆತ್ತಿ ಅಂದುಬಿಟ್ಟೆ."

ವಸು ಅಳುತ್ತಲೇ ನಕ್ಕುಬಿಟ್ಟಳು.

ಸಂಜೆಗೆ ಮೊದಲೇ ಜೀಪು ಡೇರಿಯ ಮುಂದೆ ಬಂತು. ಅಂಗಳದ ತುಂಬ ಕಲ್ಲಿನ ಒಲೆಗಳು, ಒಲೆಯ ಮೇಲೆ ಮದುವೆಮನೆಯ ಕೊಪ್ಪರಿಗೆಗಳು. ಹುಳಿಯಾಗುವ ಮೊದಲು ಸಿಕ್ಕಿದಷ್ಟು ಹಾಲನ್ನು ಕೋವಾ ಮಾಡಲು ಹೆಂಗಸರು ಸೌಟು ಹಿಡಿದು ನಿಂತಿದ್ದರು. ಎಷ್ಟೋ ಹಾಲು ಕೆಟ್ಟೂ ಹೋಗಿತ್ತು. ಆದರೂ ನನ್ನ ಕಿವಿಗೆ ಬಿದ್ದಂತೆ ಒಬ್ಬರೂ ಗೊಣಗಲಿಲ್ಲ.

ವಸು ಇಳಿದು ಓಡಿಬಂದು ನನ್ನನ್ನು ತಬ್ಬಿಕೊಂಡಳು. ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಅವಳ ಕೈ ಬೆಚ್ಚಗಿತ್ತು, ನನಗೆ ಅಷ್ಟು ಸಾಕು.

ಕುಶಾಲಪ್ಪನವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ದುಂಡಮ್ಮನ ಮುಂದೆ ನಿಂತರು. ಅವರು ಬಾಯಿ ತೆಗೆಯುವ ಮೊದಲೇ ಅವಳು ಶುರುಮಾಡಿದಳು. "ಬಯ್ಯಂಗಿದ್ರೆ ಬಯ್ದುಬುಡಿ ಸಾಮಿ. ಬೆಳಗ್ಗೆ ಬಾಯಿ ತಪ್ಪಿ ಲೈನ್ ಸುಡಿಸ್ದೆ. ಮಧ್ಯಾಹ್ನ ಆ ಹಿಡಿ ಎಳೆಯಕ್ಕೂ ತಡ ಮಾಡ್ದೆ. ಹಾಲು ನೋಡಿ ಮನಸು ಬರ್ನಿಲ್ಲ. ಪಾಪಿ ನಾನು."

"ನೀವು ತಡ ಮಾಡಿದ್ದೇ ಒಳ್ಳೇದಾಯ್ತು ಅವ್ವಾ."

"ಅದೆಂಗೆ?"

ಅವರು ವಸುವಿನ ಮುಖ ನೋಡಿದರು. ವಸು ನೆಲ ನೋಡಿದಳು. "ಅದು... ಹೇಳೋ ಹಾಗಿಲ್ಲ."

"ಯಾರ ಜೀವ ಅದು?"

"ಅದೂ ಹೇಳೋ ಹಾಗಿಲ್ಲ ಅವ್ವಾ."

"ನಾವೇನು ಮಾಡ್ದೋ ಅದಾದ್ರೂ?"

ಕಮಾಂಡರ್ ತಲೆ ಕೆರೆದುಕೊಂಡರು. ಒಲೆಯ ಮುಂದಿದ್ದ ಹೆಂಗಸರೆಲ್ಲ ಸೌಟು ನಿಲ್ಲಿಸಿ ನೋಡುತ್ತಿದ್ದರು. "ತಳ ಹತ್ತುತ್ತೆ, ಕೈಯಾಡಿಸ್ರೇ," ಎಂದು ದುಂಡಮ್ಮ ಅವರನ್ನು ಗದರಿಸಿ, ಸೊಂಟದ ಮೇಲೆ ಕೈಯಿಟ್ಟು ಇವರ ಕಡೆ ತಿರುಗಿದಳು. "ಅಲ್ಲ ಸಾಮಿ, ನಿಮ್ ಇಲಾಖೇಲಿ ಹೇಳಂಥದ್ದು ಅಂತ ಏನಾರ ಒಂದು ಅದಾ?"

ಎಲ್ಲರೂ ನಕ್ಕರು. ಕುಶಾಲಪ್ಪನವರು ನಗಲಿಲ್ಲ. ಟೋಪಿಯ ಅಂಚನ್ನು ತಿರುವಿದರು.

"ಒಂದಿದೆ ಅವ್ವಾ," ಎಂದರು. "ಅಷ್ಟೂ ಜನ ಬದುಕಿದ್ದಾರೆ."